ಹಶ್ಮತನ ತುಪ್ಪ

ಘಜ್ನಿಯ ಹಿಪ್ಪುನೇರಳೆ ಗಲ್ಲಿಯಲ್ಲಿ ಯಾರ ಮನೆಗೆ ನೆಂಟರು ಬಂದಿದ್ದಾರೆ, ಯಾವ ಗಂಡ ಹೆಂಡತಿ ಮುನಿಸಿಕೊಂಡು ಊಟ ಬಿಟ್ಟಿದ್ದಾರೆ, ಯಾರ ಸೊಸೆಗೆ ಬಾಯಿರುಚಿ ಕೆಟ್ಟಿದೆ ಎಂಬುದೆಲ್ಲ ಮೊದಲು ಗೊತ್ತಾಗುತ್ತಿದ್ದುದು ಎಲ್ಲರ ಚಿಕ್ಕಮ್ಮ ಖಾಲಾ ಸನೋಬರ್‌ಗೆ. ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ. ಗಲ್ಲಿಯ ಹೆಂಗಸರೆಲ್ಲ ಮನೆಯಲ್ಲಿ ಹಿಟ್ಟು ನಾದಿ, ಪರಾತಕ್ಕೆ ಹಾಕಿ, ಬಟ್ಟೆ ಮುಚ್ಚಿ, ತಲೆಯ ಮೇಲೆ ಹೊತ್ತು ಅವಳ ತಂದೂರಿಗೇ ತರುತ್ತಿದ್ದರು. ಪರಾತ ಇಳಿಸಿಕೊಳ್ಳುವಾಗಲೇ ಅವಳ ತೋಳಿಗೆ ಮನೆಯ ಸುದ್ದಿ ತಿಳಿಯುತ್ತಿತ್ತು. ಹಿಟ್ಟು ಹೆಚ್ಚಾದರೆ ನೆಂಟರು. ಕಡಿಮೆಯಾದರೆ ಜಗಳ, ಇಲ್ಲವೇ ಜ್ವರ. ಹುಳಿ ಬಾರದೆ ಗಟ್ಟಿಯಾಗಿದ್ದರೆ ನಾದಿದವಳ ಮನಸ್ಸು ಅಲ್ಲಿರಲಿಲ್ಲ ಎಂದರ್ಥ.

ನೋಡುವುದಕ್ಕೆ ಕುಳ್ಳಿ. ವರ್ಷಗಟ್ಟಲೆ ಬೆಂಕಿಯೊಳಗೆ ಬಗ್ಗಿ ಬಗ್ಗಿ ಹುಬ್ಬು ಸುಟ್ಟುಹೋಗಿ, ಮುಖ ಯಾವಾಗಲೂ ಏನನ್ನೋ ಕೇಳಿ ಬೆರಗಾದಂತೆ ಕಾಣುತ್ತಿತ್ತು. ಮೊಣಕೈವರೆಗೆ ಒಂದು ಕೂದಲಿರಲಿಲ್ಲ. ಬಾಯಿ ಮಾತ್ರ ತಂದೂರಿಗಿಂತ ಬಿಸಿ. ಹಿಟ್ಟಿಗೆ ಉಪ್ಪು ಮರೆತವಳಿಗೆ "ನಿನ್ನತ್ತೆ ಮೇಲಿನ ಕೋಪ ನನ್ನ ರೊಟ್ಟಿ ಮೇಲೆ ಯಾಕೇ ತೀರಿಸ್ಕೋತೀಯ?" ಎಂದು ಎಲ್ಲರೆದುರೇ ಬೈಯುವಳು. ಆದರೆ ಬೈದ ಮನೆಯ ಮಕ್ಕಳಿಗೆ ತನ್ನ ಪಾಲಿನ ಉಂಡೆಯಿಂದ ಗುಬ್ಬಚ್ಚಿ ಮಾಡಿ, ಮೆಣಸಿನಕಾಳಿನ ಕಣ್ಣಿಟ್ಟು, ಸುಟ್ಟು ಕಳಿಸುವಳು. ಕೂಲಿ ಎಂದು ಅವಳು ತೆಗೆದುಕೊಳ್ಳುತ್ತಿದ್ದುದು ಪ್ರತಿ ಪರಾತದಿಂದ ಒಂದು ಉಂಡೆ ಅಷ್ಟೇ. ಅದರಲ್ಲಿ ಅರ್ಧ ಹೀಗೆ ಗುಬ್ಬಚ್ಚಿಗಳಾಗಿ ಹಾರಿಹೋಗುತ್ತಿತ್ತು.

ಆಗ ಕಾಲ ಕೆಟ್ಟಿತ್ತು. ಕೆಟ್ಟು ಎಷ್ಟು ವರ್ಷವಾಗಿತ್ತೆಂದರೆ ಅದೇ ಸರಿ ಎನಿಸತೊಡಗಿತ್ತು. ಹಗಲು ಸರ್ಕಾರದ್ದು ಮತ್ತು ಅದರ ಬೆನ್ನಿಗಿದ್ದ ಪರದೇಶಿ ಸಿಪಾಯಿಗಳದ್ದು; ಕತ್ತಲಾದರೆ ಅವರ ವಿರುದ್ಧ ಬಂದೂಕು ಹಿಡಿದ ಬೆಟ್ಟದವರದ್ದು. ವಿಮಾನಪಟ್ಟಿಯ ಪಕ್ಕದ ಪರದೇಶಿಗಳ ಠಾಣ್ಯದ ಮೇಲೆ ಹಗ್ಗಕ್ಕೆ ಕಟ್ಟಿದ ದೊಡ್ಡ ಬಿಳಿ ಬಲೂನೊಂದು ಮೂರು ಹೊತ್ತೂ ತೇಲುತ್ತಿತ್ತು. ಅದರ ಹೊಟ್ಟೆಯಲ್ಲಿ ಕ್ಯಾಮೆರಾ ಇದೆ, ಯಾರ ಅಂಗಳದಲ್ಲಿ ಯಾವ ಕೋಳಿ ಮೊಟ್ಟೆ ಇಟ್ಟಿತು ಎಂಬುದೂ ಕಾಣುತ್ತದೆ ಎನ್ನುತ್ತಿದ್ದರು. ಹೆಂಗಸರು ಬೇಸಿಗೆಯಲ್ಲಿ ಮಾಳಿಗೆಯ ಮೇಲೆ ಮಲಗುವುದನ್ನೇ ಬಿಟ್ಟರು. ಖಾಲಾ ಅದಕ್ಕೆ "ಮನೆಯಳಿಯ" ಎಂದು ಹೆಸರಿಟ್ಟಿದ್ದಳು. "ತಿಂದು ಊದ್ಕೊಂಡು ನೋಡ್ತಾ ಕೂತಿದೆ, ಎದ್ದೂ ಹೋಗಲ್ಲ, ಒಂದು ಕೊಡ ನೀರೂ ತರಲ್ಲ" ಎನ್ನುವಳು. ಆ ಹೆಸರು ಊರಿಡೀ ನಿಂತಿತು.

ಅಳಿಯನಿಗೆ ಕಾಣದ್ದು ಈ ಮುದುಕಿಗೆ ಗೊತ್ತಿದೆ ಎಂಬ ಬುದ್ಧಿ ಸರ್ಕಾರಕ್ಕೆ ತಡವಾಗಿಯಾದರೂ ಬಂತು. ಒಮ್ಮೆ ಕಪ್ಪು ಕನ್ನಡಕದ ತರುಣನೊಬ್ಬ ಸಕ್ಕರೆ ಪೊಟ್ಟಣ ಹಿಡಿದು ಬಂದು, ಬಾಗಿಲಾಚೆಯೇ ಮರ್ಯಾದೆಯಿಂದ ನಿಂತು, "ಖಾಲಾಜಾನ್, ಯಾರ ಮನೆಯಿಂದ ಹಿಟ್ಟು ಜಾಸ್ತಿ ಬರತ್ತೆ ಅಂತ ಆಗಾಗ ಒಂದ್ಮಾತು ಹೇಳಿದ್ರೆ ದೇಶಕ್ಕೆ ಉಪಕಾರ ಆಗತ್ತೆ" ಎಂದ. "ನಿಮ್ಮನೆ ಹಿಟ್ಟು ತಗೊಂಡ್ಬಾರಪ್ಪ. ನಿನ್ನ ಹೆಂಡ್ತಿ ನಿನ್ಮೇಲೆ ಎಷ್ಟು ಪ್ರೀತಿ ಇಟ್ಟಿದಾಳೆ ಅಂತ ಹೇಳ್ತೀನಿ. ಬೇರೆಯವರ ಮನೇದು ನಂಗೆ ಕಾಣಲ್ಲ, ಹೊಗೆ" ಎಂದಳು ಖಾಲಾ. ಅವನು ಹೋದ ತಿಂಗಳೊಳಗೆ ಬೆಟ್ಟದವರ ಕಡೆಯ ಒಬ್ಬ ಬಂದು, ಅದೇ ಪ್ರಶ್ನೆಯನ್ನು ದೇಶದ ಬದಲು ಧರ್ಮದ ಹೆಸರಲ್ಲಿ ಕೇಳಿದ. ಅವನಿಗೂ ಹೊಗೆಯೇ ಸಿಕ್ಕಿತು. ಸಕ್ಕರೆಯನ್ನು ಮಾತ್ರ ಖಾಲಾ ವಾಪಸು ಕೊಡಲಿಲ್ಲ.

ಅವಳಿಗೆ ಎಲ್ಲವೂ ಗೊತ್ತಿತ್ತು. ಗಲ್ಲಿಯ ತುದಿಮನೆಯ ತೋರ್ಪೇಕೈ ಕೆಲವು ಸಂಜೆ ಎರಡು ಪಟ್ಟು ಹಿಟ್ಟು ತರುವಳು. ಅಂದರೆ ಬೆಟ್ಟ ಸೇರಿದ ಅವಳ ಮಗ ಝಲ್ಮೈ, ಇಲ್ಲವೇ ಮೈದುನ ಅಖ್ತರ್, ಕತ್ತಲಾದ ಮೇಲೆ ಊಟಕ್ಕೆ ಬರುತ್ತಾನೆ ಎಂದರ್ಥ. ಝಲ್ಮೈ ಮೆತ್ತನೆಯ ಹುಡುಗ. ಅಖ್ತರ್ ಹಾಗಲ್ಲ, ರಜೆಯ ಮೇಲೆ ಬಂದ ಸರ್ಕಾರಿ ಸಿಪಾಯಿಗಳನ್ನು ಮೂಸಿ ಹಿಡಿಯುವುದೇ ಅವನ ಕೆಲಸ. ಹಿಂದಿನ ವಸಂತದಲ್ಲಿ ಕಾಲುವೆಯಾಚೆಯ ಊರಿನ ಹುಡುಗನೊಬ್ಬನನ್ನು ತಾಯಿ ಊಟಕ್ಕೆ ಹಾಸಿದ ಬಟ್ಟೆಯ ಮುಂದಿನಿಂದಲೇ ಎಬ್ಬಿಸಿಕೊಂಡು ಹೋಗಿ ಕೊಂದಿದ್ದರು. ತೋರ್ಪೇಕೈಯ ಎರಡು ಮನೆ ಈಚೆಗೆ ಮಾಗುಲ್. ಇವಳ ಮಗ ಇದ್ರೀಸ್ ಇರಾನಿನಲ್ಲಿ ಗಾರೆ ಕೆಲಸಕ್ಕಿದ್ದಾನೆ ಎಂದು ಗಲ್ಲಿಗೆಲ್ಲ ಹೇಳಿತ್ತು. ಅವನಿದ್ದುದು ಹೆಲ್ಮಂದಿನಲ್ಲಿ, ಸರ್ಕಾರದ ಸೈನ್ಯದಲ್ಲಿ. ಖಾಲಾಗೆ ಅದೂ ಗೊತ್ತಿತ್ತು; ಹೆಲ್ಮಂದಿನಲ್ಲಿ ಕಾಳಗವಾಯಿತೆಂದು ರೇಡಿಯೋ ಹೇಳಿದ ದಿನ ಮಾಗುಲಳ ಹಿಟ್ಟು ಕಲ್ಲಾಗಿರುತ್ತಿತ್ತು. ಈ ಎರಡು ಪರಾತಗಳನ್ನು ಅವಳು ಒಂದರ ಪಕ್ಕ ಒಂದಿಟ್ಟು, ಒಂದೇ ಬೆಂಕಿಯಲ್ಲಿ ಬೇಯಿಸಿ ಕಳಿಸುತ್ತಿದ್ದಳು. ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳುವುದು ತಂದೂರಿಗೂ ಅವಳಿಗೂ ರೂಢಿಯಾಗಿತ್ತು.

ಅವಳ ಸ್ವಂತದ್ದೊಂದು ಸಂಕಟವಿತ್ತು, ಅದು ಮಾತ್ರ ಎಲ್ಲರಿಗೂ ಗೊತ್ತು. ಒಬ್ಬನೇ ಮಗ ಹಶ್ಮತ್ ಕಂದಹಾರದ ರಸ್ತೆಯಲ್ಲಿ ಲಾರಿಗಳ ಜೊತೆ ಕ್ಲೀನರಾಗಿ ಹೋಗುತ್ತಿದ್ದ. ಪರದೇಶಿಗಳ ಠಾಣ್ಯಕ್ಕೆ ನೀರಿನ ಬಾಟಲಿ, ಎಣ್ಣೆ ಸಾಗಿಸುವ ಲಾರಿಗಳು. ಒಂದು ಚಳಿಗಾಲ ಹೋದವನು ಬರಲಿಲ್ಲ. ಸರ್ಕಾರ ನಮಗೆ ಗೊತ್ತಿಲ್ಲ ಎಂದಿತು, ಬೆಟ್ಟದವರೂ ನಮಗೆ ಗೊತ್ತಿಲ್ಲ ಎಂದರು; ಅಷ್ಟು ವರ್ಷಗಳ ಯುದ್ಧದಲ್ಲಿ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ. ಕೋಣಗಳೆರಡು ಹೋರಿದರೆ ಗಿಡಕ್ಕೆ ಮಿತ್ತು ಎನ್ನುತ್ತಾರಲ್ಲ, ಆ ಗಿಡಕ್ಕೆ ಒಬ್ಬ ತಾಯಿ ಇರುತ್ತಾಳೆ ಎಂಬುದನ್ನು ಗಾದೆ ಹೇಳುವುದಿಲ್ಲ. ಖಾಲಾ ದರ್ಗಾಕ್ಕೆ ಹೋಗಿ ಹರಕೆ ಹೊತ್ತಳು: ಹಶ್ಮತ್ ಬರುತ್ತಾನೆಂಬ ಸುದ್ದಿ ಬಂದ ದಿನ ಇಡೀ ಗಲ್ಲಿಯ ರೊಟ್ಟಿಗೆ ನನ್ನ ಕೈಯಾರೆ ತುಪ್ಪ ಸವರುತ್ತೇನೆ. ಅದಕ್ಕೆಂದೇ ಒಂದು ಮಣ್ಣಿನ ಜಾಡಿಯಲ್ಲಿ ತುಪ್ಪ ತುಂಬಿ, ಬಾಯಿಗೆ ಹಿಟ್ಟು ಮೆತ್ತಿ ಮುಚ್ಚಿಟ್ಟಿದ್ದಳು. ಪ್ರತಿ ವಸಂತದಲ್ಲಿ ಹಳೆಯದನ್ನು ಬಡವರಿಗೆ ಕೊಟ್ಟು ಹೊಸದು ತುಂಬುವಳು. ಗಲ್ಲಿಯಲ್ಲಿ ಅದಕ್ಕೆ ಹಶ್ಮತನ ತುಪ್ಪ ಎಂದೇ ಹೆಸರು. ಮಕ್ಕಳೂ ಅದನ್ನು ಮುಟ್ಟುತ್ತಿರಲಿಲ್ಲ.

ದ್ರಾಕ್ಷಿ ಮುಗಿದು ಗಾಳಿ ತಣ್ಣಗಾಗತೊಡಗಿದ್ದ ಒಂದು ಮಧ್ಯಾಹ್ನ ಮಾಗುಲ್ ಎಲ್ಲರಿಗಿಂತ ಮೊದಲೇ ಬಂದಳು. ಅವಳು ಎಂದೂ ಮೊದಲು ಬಂದವಳಲ್ಲ. ಪರಾತ ಇಳಿಸಿಕೊಂಡ ಖಾಲಾ ಬಟ್ಟೆ ಎತ್ತಿ ನೋಡಿದಳು. ಹಿಟ್ಟು ಹಳದಿಯಾಗಿ ಮಿರುಗುತ್ತಿತ್ತು. ಮೊಟ್ಟೆ, ಹಾಲು, ತುಪ್ಪ, ಏಲಕ್ಕಿ. ಮೇಲಕ್ಕೆ ಕರಿಜೀರಿಗೆಯ ಪುಟ್ಟ ಗಂಟು.

"ಬಂದ್ನಾ?" ಎಂದಳು ಖಾಲಾ ಮೆಲ್ಲಗೆ.

ಮಾಗುಲ್ ಅತ್ತಳು, ನಕ್ಕಳು, ಮತ್ತೆ ಅತ್ತಳು. "ನಿನ್ನೆ ಬಂದ ಖಾಲಾ. ಕುರಿ ಲಾರೀಲಿ ಕೂತ್ಕೊಂಡು. ಒಳಕೋಣೇಲಿ ಮಲಗ್ಸಿದೀನಿ. ಎಷ್ಟು ಸೊರಗಿದಾನೆ ಗೊತ್ತಾ, ಕತ್ತು ಕೋಳಿ ಕತ್ತಾಗಿದೆ."

"ಕತ್ತು ಇದೆಯಲ್ಲ, ಅದಕ್ಕೆ ಸಂತೋಷ ಪಡು. ಈ ಹಿಟ್ಟು ಯಾಕೇ ತಂದೆ, ಬುದ್ಧಿಗೇಡಿ?"

"ಎರಡು ವರ್ಷ ಆದ್ಮೇಲೆ ಮನೆಗೆ ಬಂದಿರೋ ಮಗನಿಗೆ ಮೊದಲನೇ ರೊಟ್ಟಿ ಒಣದು ಕೊಡ್ಲಾ? ತುಪ್ಪದ್ದು ತಿನ್ನದೆ ಹೊಸ್ತಿಲು ದಾಟಿದ್ರೆ ಮತ್ತೆ ವಾಪಸ್ ಬರಲ್ಲ ಅಂತಾರೆ. ನಿಮಗೆ ಗೊತ್ತಿಲ್ವಾ?"

ಖಾಲಾಗೆ ಗೊತ್ತಿತ್ತು. ನಮ್ಮ ಕಡೆಯ ಯಾವ ತಾಯಿಯಾದರೂ ಇದೇ ತಪ್ಪು ಮಾಡುತ್ತಿದ್ದಳು. ಊರೂರು ದಾಟಿಸಿ, ಹೆಸರು ಬದಲಿಸಿ, ಕುರಿಗಳ ಮಧ್ಯೆ ಬಚ್ಚಿಟ್ಟು ಮಗನನ್ನು ಮನೆ ಸೇರಿಸಿಕೊಂಡು, ಕೊನೆಗೆ ಒಂದು ರೊಟ್ಟಿಯಿಂದ ಊರಿಗೆಲ್ಲ ಡಂಗುರ ಸಾರುವುದು. ತುಪ್ಪದ ರೊಟ್ಟಿ ತಂದೂರಿಗೆ ಬಿದ್ದರೆ ವಾಸನೆ ಗಲ್ಲಿಯ ತುದಿ ಮುಟ್ಟುತ್ತದೆ. ವಾಸನೆ ಮುಟ್ಟಿದ ಮನೆಗೆ ಒಂದು ತುಂಡು ಕಳಿಸಲೇಬೇಕು, ಕಳಿಸದಿದ್ದರೆ ಪಾಪ. ಕಳಿಸಿದರೆ "ಏನು ವಿಶೇಷ?" ಎಂದು ಕೇಳುತ್ತಾರೆ. ಇರಾನಿನಿಂದ ಬಂದ ಎಂದು ಹೇಳಿದರೆ ನೋಡಲು ಬರುತ್ತಾರೆ. ನೋಡಿದರೆ ಮುಗಿಯಿತು. ಹಣೆಯ ಅರ್ಧ ಬಿಸಿಲಿಗೆ ಕಂದಿ, ಸಿಪಾಯಿ ಟೋಪಿ ಕೂತ ಅರ್ಧ ಬೆಳ್ಳಗಿರುವ ಹುಡುಗ ಗಾರೆಯವನಲ್ಲ ಎಂದು ಕುರುಡರಿಗೂ ತಿಳಿಯುತ್ತದೆ.

"ಹಿಂದಕ್ಕೆ ತಗೊಂಡು ಹೋಗೇ. ಬೇರೆ ನಾದ್ಕೊಂಡು ಬಾ."

"ಮನೇಲಿದ್ದ ಹಿಟ್ಟೆಲ್ಲ ಇದೇ ಖಾಲಾ."

ಅಷ್ಟರಲ್ಲಿ ಹೆಂಗಸರು ಬರತೊಡಗಿದರು. ತಂದೂರಿನ ಸುತ್ತ ಪರಾತಗಳು ಸಾಲಾದವು. ಕೊನೆಗೆ ತೋರ್ಪೇಕೈ ಬಂದಳು. ಎತ್ತರದ, ಮಾತು ಕಡಿಮೆಯ ಹೆಂಗಸು. ಅವಳ ಪರಾತ ಇಳಿಸಿಕೊಂಡಾಗ ಖಾಲಾಳ ತೋಳು ಜಗ್ಗಿತು.

"ಅಖ್ತರ್ ಬರ್ತಾನೆ" ಎಂದಳು ತೋರ್ಪೇಕೈ ಅವಳ ಕಿವಿಯಲ್ಲಿ. "ಸ್ವಲ್ಪ ಬೇಗ ಹಾಕ್ಕೊಡು ಅಕ್ಕಾ. ಅವನಿಗೆ ಕಾಯೋದು ಅಂದ್ರೆ ಆಗಲ್ಲ."

ಮಾಗುಲಳ ಮುಖ ಸುಣ್ಣದ ಗೋಡೆಯಾಯಿತು. ಪರಾತದ ಮೇಲಿನ ಬಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದು ಕೂತಳು, ಹಿಟ್ಟು ಎದ್ದು ಓಡಿಹೋಗುತ್ತದೇನೋ ಎಂಬಂತೆ. ಖಾಲಾ ಅವಳನ್ನು ನೋಡಿದಳು, ತಂದೂರನ್ನು ನೋಡಿದಳು, ಮೇಲೆ ತೇಲುತ್ತಿದ್ದ ಮನೆಯಳಿಯನನ್ನೂ ಒಮ್ಮೆ ನೋಡಿದಳು. ಆಮೇಲೆ ಸೊಂಟ ಹಿಡಿದುಕೊಂಡು ಎದ್ದು ಒಳಗೆ ಹೋದಳು.

ಒಳಗೆ ಅವಳು ತುಸು ಹೊತ್ತು ನಿಂತಿದ್ದಳು. ಜಾಡಿ ಗೂಡಿನಲ್ಲಿತ್ತು. ಆ ತುಪ್ಪದಲ್ಲಿ ಅವಳ ಮಗ ಬರುವ ದಿನವಿತ್ತು. ಹರಕೆಯನ್ನು ಮೊದಲೇ ಮುರಿದರೆ ಬರುವವನು ದಾರಿಯಲ್ಲೇ ನಿಂತುಬಿಟ್ಟಾನು ಎಂದು ಅವಳು ನಿಜವಾಗಿ ನಂಬಿದ್ದಳು. ಭಯವಾಯಿತು, ಅಳು ಬಂತು. ಮಾಗುಲ್ ಮೇಲೆ ಹೊಟ್ಟೆಕಿಚ್ಚೂ ಆಯಿತು. ಅವಳ ಮಗ ಒಳಕೋಣೆಯಲ್ಲಿ ಮಲಗಿದ್ದಾನಲ್ಲ. "ತಪ್ಪಾಯ್ತು ಮಗಾ" ಎಂದು ಜಾಡಿಗೆ ಹೇಳಿ ಅದನ್ನು ಎತ್ತಿಕೊಂಡಳು.

ಹೊರಗೆ ಬಂದು ಎಲ್ಲರ ಮುಂದೆ ಕುಕ್ಕರಗಾಲಲ್ಲಿ ಕೂತು, ರೊಟ್ಟಿ ತೆಗೆಯುವ ಕಬ್ಬಿಣದ ಕೊಕ್ಕೆಯಿಂದ ಜಾಡಿಯ ಬಾಯಿಗೆ ಕುಟ್ಟಿದಳು. ಒಣಗಿದ ಹಿಟ್ಟು ಚಕ್ಕೆಯಾಗಿ ಬಿತ್ತು. ಹೆಂಗಸರೆಲ್ಲ ಜಾಡಿಯತ್ತ ತಿರುಗಿದರು.

"ಇವತ್ತು ಎಲ್ಲಾರ ರೊಟ್ಟಿಗೂ ತುಪ್ಪ" ಎಂದಳು ಖಾಲಾ. "ಸುದ್ದಿ ಬಂದಿದೆ. ಹಶ್ಮತ್ ಇದಾನೆ. ಬರ್ತಾನೆ."

ಆಮೇಲೆ ಆದದ್ದು ಹೇಳತೀರದು. ಒಬ್ಬಳು ಅವಳ ಕೈಗೆ ಮುತ್ತಿಟ್ಟಳು, ಒಬ್ಬಳು ಕಾಲಿಗೆ. ಯಾರೋ ಹಾಡಿಗೆ ಬಡಿಯುವ ದಫ್ ತರಲು ಓಡಿದರು. "ಎಲ್ಲಿದಾನಂತೆ? ಯಾರು ಹೇಳಿದ್ರು? ಮದುವೆ ಆಗಿದ್ಯಂತಾ?" ಎಂದು ಮುತ್ತಿಕೊಂಡರು. "ದೂರ ಇದಾನೆ, ಯಾರೋ ಲಾರಿಯವನು ಹೇಳ್ದ, ಈಗ ಬೆಂಕಿ ಆರತ್ತೆ, ದೂರ ಸರೀರೇ" ಎಂದು ಖಾಲಾ ಎಲ್ಲರನ್ನೂ ಗದರಿದಳು. ಮಾಗುಲ್ ತಲೆ ತಗ್ಗಿಸಿಕೊಂಡು ಅಳುತ್ತಿದ್ದಳು. ಅಂದು ಎಲ್ಲರೂ ಅಳುತ್ತಿದ್ದುದರಿಂದ ಅದು ಯಾರಿಗೂ ಬೇರೆಯಾಗಿ ಕಾಣಲಿಲ್ಲ. ತೋರ್ಪೇಕೈ ಮಾತ್ರ ಕೂತಲ್ಲಿಂದ ಏಳಲಿಲ್ಲ. ಖಾಲಾಳನ್ನೇ ದಿಟ್ಟಿಸಿ ನೋಡುತ್ತಿದ್ದಳು. ಕೊನೆಗೆ ಎದ್ದು ಬಂದು, ಅವಳ ತಲೆಯನ್ನು ಎದೆಗೆ ಒತ್ತಿಕೊಂಡು, ಚಾದರದ ಸೆರಗಿನಲ್ಲಿ ಮುಖ ಮುಚ್ಚಿ ಬಿಕ್ಕಿದಳು. ಎಷ್ಟು ಒಳ್ಳೆಯ ಮನಸ್ಸು ನೋಡು ಎಂದರು ಉಳಿದವರು.

ಅಂದು ಗಲ್ಲಿಯ ಪ್ರತಿ ಮನೆಗೂ ತುಪ್ಪದ ರೊಟ್ಟಿ ಹೋಯಿತು. ವಾಸನೆ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ, ಎಲ್ಲ ಕಡೆಯಿಂದಲೂ ಬಂದಿತ್ತು. ಅಖ್ತರ್ ಕತ್ತಲಾದ ಮೇಲೆ ಬಂದು, ಮೂಗು ಅರಳಿಸಿ, "ಏನತ್ತಿಗೆ, ಯಾರ ಮಗ ಬಂದ?" ಎಂದು ಕೇಳಿದನಂತೆ. "ಯಾರದೂ ಇಲ್ಲ. ತಂದೂರಿನ ಖಾಲಾಳ ಹರಕೆ. ತಿನ್ನು, ಆರೋಗತ್ತೆ" ಎಂದಳಂತೆ ತೋರ್ಪೇಕೈ. ತಿಂದು ಹೋದ. ಇದ್ರೀಸ್ ಒಳಕೋಣೆಯಲ್ಲಿ ತಾಯಿಯ ರೊಟ್ಟಿ ತಿಂದು, ರಜೆ ಮುಗಿದ ಶುಕ್ರವಾರ ನೆಂಟರ ಮದುವೆಗೆ ಕಾಬೂಲಿಗೆ ಹೊರಟ ಹೆಂಗಸರ ಟ್ಯಾಕ್ಸಿಯಲ್ಲಿ ಅವರ ಮನೆಯ ಹುಡುಗನಂತೆ ಚಾಲಕನ ಪಕ್ಕ ಕೂತು ಹೊರಟುಹೋದ.

ಅವನದು ಅಲ್ಲಿಗೆ ಮುಗಿಯಿತು. ಖಾಲಾಳ ಪಾಡು ಆಗಷ್ಟೇ ಶುರುವಾಗಿತ್ತು. ಆ ಸುಳ್ಳು ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಗಲ್ಲಿ ಪ್ರೀತಿಯಿಂದ ಅವಳನ್ನು ಕೊಲ್ಲತೊಡಗಿತು. ಒಬ್ಬಳು ಹಶ್ಮತನಿಗೆಂದು ಅಂಗಿಯ ಬಟ್ಟೆ ತಂದಳು. ಒಬ್ಬಳು ಒಣ ಹಿಪ್ಪುನೇರಳೆ, ವಾಲ್‌ನಟ್ ಕಟ್ಟಿಟ್ಟಳು. ಕ್ಷೌರಿಕ ಮೊದಲ ಕ್ಷೌರ ತನ್ನದೇ, ಕಾಸು ಬೇಡ ಎಂದು ಹೇಳಿ ಕಳಿಸಿದ. ಹೆಣ್ಣು ಕುದುರಿಸುವ ಮುದುಕಿಯೊಬ್ಬಳು ಎರಡು ಮನೆ ನೋಡಿಯೂ ಬಂದಳು. "ಎಲ್ಲಿಗೆ ಬಂದ ಖಾಲಾ?" ಎಂದು ದಿನವೂ ಕೇಳುವರು. "ದಾರೀಲಿದಾನೆ" ಎನ್ನುವಳು. ಹೇಳಿ ಹೇಳಿ ಅವಳಿಗೇ ಅದು ನಿಜವೆನಿಸತೊಡಗಿತು. ಬಾಗಿಲು ಸದ್ದಾದರೆ ಕೈಯಲ್ಲಿದ್ದ ಉಂಡೆ ಬಿಟ್ಟು ತಿರುಗುವಳು. ಒಂದು ದಿನ ಹಶ್ಮತನ ಹಾಸಿಗೆ, ರಜಾಯಿ ತೆಗೆದು ಬಿಸಿಲಿಗೆ ಹರವಿ, ಕೋಲಿನಿಂದ ಧೂಳು ಬಡಿದಳು.

ಮಾರನೆಯ ಸಂಜೆ ಮೊದಲ ಹಿಮ ಬೀಳುತ್ತಿತ್ತು. ಹೆಂಗಸರೆಲ್ಲ ರೊಟ್ಟಿ ಒಯ್ದಾಗಿತ್ತು. ತೋರ್ಪೇಕೈ ಪರಾತವಿಲ್ಲದೆ ಬಂದಳು. ಶಾಲಿನಡಿಯಿಂದ ಒಂದು ಮಣ್ಣಿನ ಜಾಡಿ ತೆಗೆದು ಖಾಲಾಳ ಮುಂದಿಟ್ಟಳು. ತುಂಬ ತುಪ್ಪ, ಬಾಯಿಗೆ ಬಟ್ಟೆ ಕಟ್ಟಿತ್ತು.

"ಏನೇ ಇದು?"

"ನಿಂದು ಖಾಲಿ ಆಯ್ತಲ್ಲ, ಮಾಗುಲ್ ಮಗನಿಗೆ."

ಬೂದಿ ಕೆದಕುತ್ತಿದ್ದ ಖಾಲಾಳ ಕೈ ನಿಂತಿತು. "ಗೊತ್ತಿತ್ತಾ ನಿಂಗೆ?"

"ಅವತ್ತೇ ಗೊತ್ತಾಯ್ತು. ನೀನು ಸುಳ್ಳು ಹೇಳ್ತಿದೀಯ ಅಂತ ಮೊದಲು ತಿಳೀತು, ಯಾಕೆ ಅಂತ ಆಮೇಲೆ ಮಾಗುಲ್ ಮುಖ ನೋಡಿದೆ. ಇಷ್ಟು ವರ್ಷ ನನ್ನ ಹಿಟ್ಟಿನ ವಿಷಯ ನೀನು ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ. ನಿನ್ನ ತುಪ್ಪದ ವಿಷಯ ನಾನು ಬಿಡ್ತೀನಾ?"

ಖಾಲಾಗೆ ಮೊದಲು ಸಮಾಧಾನವಾಯಿತು. ಆಮೇಲೆ ಅವಳು ನಿಧಾನವಾಗಿ ತಲೆ ಎತ್ತಿದಳು. ಗಲ್ಲಿಯ ಅಷ್ಟೂ ಹೆಂಗಸರು ನಂಬಿದ ಮಾತು ಸುಳ್ಳೆಂದು ಇವಳೊಬ್ಬಳಿಗೆ ಹೇಗೆ ತಿಳಿಯಿತು? ಹಶ್ಮತ್ ಬರುತ್ತಾನೆ ಎಂಬುದು ಸುಳ್ಳೆಂದು ತಿಳಿಯಬೇಕಾದರೆ ನಿಜ ಗೊತ್ತಿರಬೇಕು.

"ಎಲ್ಲಿದಾನೆ?" ಎಂದಳು.

ತೋರ್ಪೇಕೈ ನೆಲ ನೋಡಿದಳು. "ಶಾಹ್‌ಜೋಯ್ ಊರಿನ ಆಚೆ, ಕಂದಹಾರದ ರಸ್ತೆ ಪಕ್ಕ ಒಂದು ಒಣ ಹಳ್ಳ ಇದೆಯಂತೆ. ಅಲ್ಲಿ. ಅವತ್ತು ಲಾರಿಗಳಿಗೆ ಬೆಂಕಿ ಬಿತ್ತು. ಬೆಟ್ಟದವರು ಕೆಳಗಿಂದ ಹೊಡೆದ್ರು, ಪರದೇಶಿಗಳು ಮೇಲಿಂದ ಹೊಡೆದ್ರು. ಯಾರ ಗುಂಡು ಅಂತ ಗುಂಡಿಗೇ ಗೊತ್ತಿಲ್ಲ ಅಕ್ಕಾ. ಝಲ್ಮೈ ಅಲ್ಲಿದ್ದ. ಆಮೇಲೆ ನೋಡಿದ್ರೆ ನಮ್ಮ ಗಲ್ಲಿ ಹುಡುಗ. ಬೇರೆಯವರ ಕೈಗೆ ಬಿಡ್ಲಿಲ್ಲ, ತಾನೇ ಮಣ್ಣು ಮಾಡಿ, ನಮಾಜು ಓದಿ, ಕಲ್ಲು ಪೇರಿಸಿ ಬಂದ."

ತಂದೂರಿನ ಗೋಡೆಗೆ ರೊಟ್ಟಿ ಬಡಿಯುವ ಬಟ್ಟೆಯ ದಿಂಬು ಖಾಲಾಳ ಪಕ್ಕದಲ್ಲಿತ್ತು. ಅದನ್ನೆತ್ತಿ ಅವಳು ತೋರ್ಪೇಕೈಯ ಮುಖಕ್ಕೆ ಎಸೆದಳು. "ಏಳು ಚಳಿಗಾಲ ಕಣೇ. ಏಳು ಚಳಿಗಾಲ ನನ್ನ ಬೆಂಕಿ ಕಾಯಿಸ್ಕೊಂಡೆ, ನನ್ನ ಕೈ ರೊಟ್ಟಿ ತಿಂದೆ. ಆ ಜಾಡಿ ನೋಡ್ತಾ ಕೂತಿದ್ದೆಯಲ್ಲೇ."

"ಜಾಡಿ ನೋಡೇ ಬಾಯಿ ಬರ್ಲಿಲ್ಲ" ಎಂದಳು ತೋರ್ಪೇಕೈ, ಮುಖದ ಮೇಲಿನ ಹಿಟ್ಟು ಒರೆಸಿಕೊಳ್ಳದೆ. "ಮೊದಲು ನನ್ನ ಮಗನ ಭಯ, ಆಮೇಲೆ ನಿನ್ನ ಭಯ. ನೀನು ಪ್ರತಿ ವಸಂತಕ್ಕೂ ಹೊಸ ತುಪ್ಪ ತುಂಬ್ತಿದ್ದೆ. ತುಂಬ್ಲಿ, ಬದುಕ್ತಾಳೆ ಅಂದ್ಕೊಂಡೆ. ನಿನ್ನೆ ನೀನು ಅವನ ಹಾಸಿಗೆ ಬಿಸಿಲಿಗೆ ಹಾಕಿದ್ದು ನೋಡಿದೆ. ಇನ್ನು ತಡೀಲಿಕ್ಕಾಗ್ಲಿಲ್ಲ."

ಹಿಮ ತಂದೂರಿನ ಬಾಯಿಗೆ ಬಿದ್ದು ಚುರ್ ಎನ್ನುತ್ತಿತ್ತು.

"ಹೊದಿಸೋಕೆ ಕಫನ್ ಇತ್ತಾ?" ಎಂದಳು ಖಾಲಾ.

"ಕಫನ್ ಎಲ್ಲಿಂದ ಬರ್ಬೇಕು ಆ ರಸ್ತೇಲಿ. ತನ್ನ ಶಾಲು ಹೊದಿಸ್ದ. ಚಳೀಲಿ ನಡುಗ್ತಾ ಮನೆಗೆ ಬಂದ. ಶಾಲು ಎಲ್ಲೋ ಅಂತ ನಾನು ಬೈದಾಗಲೇ ಇದೆಲ್ಲ ಹೊರಗೆ ಬಂದಿದ್ದು."

"ಯಾವ ಶಾಲು? ಆ ಬೂದು ಬಣ್ಣದ್ದಾ?"

"ಹೂಂ. ಕುರಿ ಉಣ್ಣೇದು. ನಾನೇ ನೇಯ್ದಿದ್ದು."

"ಬೆಚ್ಚಗಿತ್ತಾ?"

"ಬೆಚ್ಚಗಿತ್ತು ಅಕ್ಕಾ" ಎಂದಳು ತೋರ್ಪೇಕೈ. ಆಗ ಖಾಲಾ ಅತ್ತಳು. ಅಷ್ಟು ವರ್ಷ ಹರಕೆಯ ಭಯದಿಂದ ತಡೆದಿಟ್ಟುಕೊಂಡಿದ್ದ ಅಳು ಅದು, ಬದುಕಿರುವ ಮಗನಿಗಾಗಿ ಅಳುವುದು ಅಪಶಕುನವೆಂದು. ತೋರ್ಪೇಕೈ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಳು, ಅಂದು ಒತ್ತಿಕೊಂಡಂತೆಯೇ.

ಗುರುವಾರ ಸಂಜೆ ಸತ್ತವರ ಜೀವ ಮನೆಬಾಗಿಲಿಗೆ ಬರುತ್ತದೆ, ತುಪ್ಪದ ವಾಸನೆಯಿಂದ ತೃಪ್ತಿಪಟ್ಟು ಹೋಗುತ್ತದೆ ಎಂಬುದು ನಮ್ಮವರ ನಂಬಿಕೆ. ಆ ಗುರುವಾರ ಖಾಲಾ ತಂದೂರಿನ ಬದಲು ಅಂಗಳದಲ್ಲಿ ಬಾಣಲೆ ಇಟ್ಟು, ತೋರ್ಪೇಕೈಯ ತುಪ್ಪ ಸುರಿದು, ರೊಟ್ಟಿ ಕರಿಯತೊಡಗಿದಳು. ವಾಸನೆ ಗಲ್ಲಿಯ ತುದಿ ಮುಟ್ಟಿತು. ಹೆಂಗಸರು ಒಬ್ಬೊಬ್ಬರಾಗಿ ಬಂದರು, ಬಾಣಲೆ ನೋಡಿದರು, ಏನೂ ಕೇಳದೆ ಕೂತರು. ಬೇರೆ ಸುದ್ದಿ ಬಂದಿರಬೇಕು ಎಂದುಕೊಂಡರು. ಮೊದಲಿನ ಸುದ್ದಿ ಸುಳ್ಳೆಂದು ತಿಳಿದಿದ್ದ ಮಾಗುಲ್ ಖಾಲಾಳ ಪಾದ ಹಿಡಿಯಲು ಬಗ್ಗಿದಳು. "ಏಳೇ, ತುಪ್ಪ ಹಾರತ್ತೆ. ನಿನ್ನ ಮಗ ಕತ್ತು ದಪ್ಪ ಮಾಡ್ಕೊಂಡು ಬರ್ಲಿ, ಅಷ್ಟು ಸಾಕು ನಂಗೆ" ಎಂದಳು ಖಾಲಾ.

ಮೊದಲ ರೊಟ್ಟಿ ಅರಳಿ ಮೇಲೆ ಬಂತು. ಮಗನ ಹೆಸರಿನ ಆ ರೊಟ್ಟಿಯನ್ನು ಅವಳು ಶುಭ್ರ ಬಟ್ಟೆಯಲ್ಲಿ ಸುತ್ತಿ, ಎಲ್ಲರ ಮುಂದೆ ತೋರ್ಪೇಕೈಯ ಮಡಿಲಲ್ಲಿಟ್ಟಳು.

"ಝಲ್ಮೈ ಬಂದಾಗ ಕೊಡು" ಎಂದಳು ಅವಳಿಗಷ್ಟೇ ಕೇಳುವಂತೆ. "ಹೊಸ ಶಾಲು ನೇಯ್ದು ಕೊಟ್ಟಿದೀಯೋ ಇಲ್ವೋ? ಬೆಟ್ಟದಲ್ಲಿ ಹಿಮ ಬೀಳ್ತಿದೆ."